ತಿರುವಿನಲ್ಲಿ ನಿಂತದ್ದು

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಅದು ಮತ್ತೆ ತಾಗದ ಹಾಗೆ ಹಳೆಯ ಕಾಲುಚೀಲವೊಂದನ್ನು ಸುತ್ತಿ ಬದಿಗಿಟ್ಟ ಮೇಲೆ ಅವನಿಗೆ ಯಾವ ನೆಪವೂ ಉಳಿಯಲಿಲ್ಲ. ಇನ್ನು ಒಳಗೆ ತೂರಿಕೊಳ್ಳಲೇಬೇಕಿತ್ತು. ಆ ಕಾರಿನಲ್ಲಿ ಕೂರುವುದೇ ಒಂದು ಕಸರತ್ತು. ಮಲಗುವುದೆಂದರೆ ಐವತ್ನಾಲ್ಕರ ಬೆನ್ನಿಗೆ ಶಿಕ್ಷೆ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಕಾಲುಗಳನ್ನು ಸೀಟಿನ ಬೆನ್ನಿನ ಮೇಲೆ ಎಸೆದು, ತಲೆಯನ್ನು ಪೆಡಲುಗಳ ಪಕ್ಕಕ್ಕೆ ಇಳಿಸಿ ತಲೆಕೆಳಗಾಗಿ ಮಲಗಿದಾಗ, ಹನ್ನೊಂದು ವರ್ಷದಿಂದ ತನ್ನದಾಗಿರುವ ಕಾರನ್ನು ಈ ಕಡೆಯಿಂದ ತಾನು ಒಮ್ಮೆಯೂ ನೋಡಿರಲಿಲ್ಲವೆಂದು ಅವನಿಗೆ ಹೊಳೆಯಿತು. ಮೇಲಿನಿಂದ ಅದು ಹೊಳೆಯುವ ಹಸಿರು, ಚರ್ಮದ ಸೀಟು, ಬಾನೆಟ್ಟಿನೊಳಗಿಂದ ಎದ್ದುಬರುವ ಎರಡು ದೀಪ. ಅವುಗಳಲ್ಲಿ ಎಡದ್ದು ಯಾವಾಗಲೂ ಒಂದು ಕ್ಷಣ ತಡ. ಆ ಬಣ್ಣಕ್ಕೂ ಕಣ್ಣಿಗೂ ನೆಲಕ್ಕೆ ಅಂಟಿಕೊಂಡ ಎತ್ತರಕ್ಕೂ ಸೇರಿ ನೆಂಟರೆಲ್ಲ ಅದನ್ನು ಕಪ್ಪೆ ಎಂದು ಕರೆಯುತ್ತಿದ್ದರು. ಕೆಳಗಿನಿಂದ ನೋಡಿದರೆ ಬರೀ ತಂತಿ, ಧೂಳು, ಯಾರೋ ಹಿಂದಿನ ಮಾಲೀಕ ಸುತ್ತಿದ ಅಂಟುಪಟ್ಟಿ. ಎಲ್ಲರ ಹೊಟ್ಟೆಯೂ ಹೀಗೇ ಇರಬೇಕು ಎಂದುಕೊಂಡ. ತಾನೇ ಮಾಡಿಕೊಂಡ ಆ ತಮಾಷೆಗೆ ನಗು ಬರಲಿಲ್ಲ.

ಭಾನುವಾರದ ಬೆಳಗ್ಗೆ. ಶೆಡ್ಡಿನ ಬಾಗಿಲಿಂದ ಬಿಸಿಲು ಕಾರಿನ ಅರ್ಧದವರೆಗೆ ಬಂದು ನಿಂತಿತ್ತು. ಮಧ್ಯಾಹ್ನ ಊಟಕ್ಕೆ ಹೆಂಡತಿಯ ತಂಗಿ, ಅವಳ ಗಂಡ ಬರುವವರಿದ್ದರು. ಅಷ್ಟರೊಳಗೆ ಮುಗಿಸಬೇಕು. ಅವರು ಬರುವ ಹೊತ್ತಿಗೆ ಕಾರು ಏನೂ ಆಗೇ ಇಲ್ಲವೆಂಬಂತೆ ನಿಂತಿರಬೇಕು, ತಾನು ಕೈ ತೊಳೆದಿರಬೇಕು. ಹಾಗೆಂದು ತಾನು ಯಾಕೆ ಬಯಸುತ್ತಿದ್ದೇನೆ ಎಂಬುದನ್ನು ಅವನು ಕೇಳಿಕೊಳ್ಳಲಿಲ್ಲ. ಸ್ಟೀರಿಂಗಿನ ಕಂಬಕ್ಕೆ ಹೊದಿಸಿದ ಪ್ಲಾಸ್ಟಿಕ್ ಕವಚಕ್ಕೆ ಮೂರು ಸ್ಕ್ರೂ. ಎರಡು ಸಲೀಸಾಗಿ ಬಂದವು. ಮೂರನೆಯದು ಒಳಗಿನ ಕುಳಿಯಲ್ಲಿತ್ತು, ಕಾಣುತ್ತಿರಲಿಲ್ಲ. ಬಾಯಲ್ಲಿ ಕಚ್ಚಿ ಹಿಡಿದಿದ್ದ ಪುಟ್ಟ ಟಾರ್ಚು ಜೊಲ್ಲಿನಿಂದ ಜಾರಿ ಕತ್ತಿನ ಸಂದಿಗೆ ಬಿತ್ತು.

"ನಾನು ಹಿಡ್ಕೊಳ್ಳಾ?" ಎಂದು ಹೆಂಡತಿಯ ದನಿ ಕೇಳಿಸಿತು. ಅವಳು ಯಾವಾಗ ಬಂದು ನಿಂತಳೋ ಗೊತ್ತಾಗಲಿಲ್ಲ. ಅವನಿಗೆ ಕಾಣುತ್ತಿದ್ದುದು ಅವಳ ಚಪ್ಪಲಿ, ಸೆರಗಿನ ತುದಿ, ಕಾಫಿಯ ಲೋಟ ಹಿಡಿದ ಕೈ ಅಷ್ಟೆ. "ಬೇಡ ಬಿಡು, ಬಟ್ಟೆ ಕೊಳೆಯಾಗತ್ತೆ," ಎಂದ. ಅವಳು ಲೋಟವನ್ನು ಶೆಡ್ಡಿನ ನೆಲದಲ್ಲಿಟ್ಟು, ಆ ಕಡೆಯ ಬಾಗಿಲಿಂದ ಬಂದು ಪಕ್ಕದ ಸೀಟಿನಲ್ಲಿ ಮಂಡಿಯೂರಿ ಟಾರ್ಚು ತೆಗೆದುಕೊಂಡಳು. ಬೆಳಕು ಬಂದು ಸರಿಯಾಗಿ ಸ್ಕ್ರೂವಿನ ತಲೆಯ ಮೇಲೆ ನಿಂತಿತು. ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅವಳು ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕೆಲಸ ಮಾಡುವವಳು. ದಿನಕ್ಕೆ ನೂರು ಜನಕ್ಕೆ ಅಲ್ಲಾಡಬೇಡಿ, ಉಸಿರು ಹಿಡಿದುಕೊಳ್ಳಿ ಎಂದು ಹೇಳಿ ಹೇಳಿ ಅವಳ ಕೈಗೇ ಆ ಮಾತು ಇಳಿದುಬಿಟ್ಟಿದೆ. ಅಂಥ ಕೈಯವಳನ್ನು ಅವನು ಎಲ್ಲರೆದುರು ಏನೆಂದು ಕರೆದಿದ್ದ? ಸ್ಕ್ರೂ ತಿರುಗಿತು. ಕವಚ ಕಳಚಿ ಎದೆಯ ಮೇಲೆ ಬಿತ್ತು.

ಬುಧವಾರ ಸಂಜೆ ಕಚೇರಿಯಿಂದ ಬರುವಾಗ ಸೇತುವೆಯ ನಡುಮಧ್ಯದಲ್ಲಿ ಕಪ್ಪೆ ಸತ್ತುಹೋಗಿತ್ತು. ಕೆಮ್ಮಲಿಲ್ಲ, ನಡುಗಲಿಲ್ಲ, ಯಾರೋ ಕೋಣೆಯ ದೀಪ ಆರಿಸಿ ಹೋದ ಹಾಗೆ. ಮೀಟರಿನ ಮುಳ್ಳುಗಳೆಲ್ಲ ಒಟ್ಟಿಗೆ ಕೆಳಗೆ ಬಿದ್ದವು. ಬ್ರೇಕು ಕಲ್ಲಿನ ಹಾಗೆ ಬಿಗಿದುಕೊಂಡಿತು. ಹಿಂದಿನಿಂದ ಹಾರನ್ನುಗಳ ಸುರಿಮಳೆ. ಈ ನೆಲಮಟ್ಟದ ಕಾರಿನಲ್ಲಿ ಕೂತವನಿಗೆ ಅವು ತಲೆಯ ಮೇಲಿಂದಲೇ ಬೀಳುತ್ತವೆ. ಹಿಂದೆ ನಿಂತ ಬಸ್ಸಿನಿಂದ ಕಂಡಕ್ಟರ್ ಇಳಿದು ಬಂದು, ಕಿಟಕಿಗೆ ಬಗ್ಗಿ, ಸಣ್ಣ ಮಗುವಿಗೆ ಹೇಳುವ ಹಾಗೆ, "ಕೀಲಿಗೆ ಕೈ ತಾಗಿರ್ಬೇಕು ನೋಡಿ ಸಾರ್," ಎಂದಿದ್ದ. "ನಾನು ಮುಟ್ಟಿಲ್ಲ," ಎಂದು ಅವನು ಹೇಳಿದ. ಹೇಳಿದ ಮೇಲೆ ಆ ಮಾತು ತನ್ನ ಕಿವಿಗೇ ಬಿದ್ದು ಬೆವರಿದ. ಅದೇ ಎರಡು ಪದ, ಅದೇ ಧಾಟಿ, ಕೊನೆಯಲ್ಲಿ ಅದೇ ತರಹ ದನಿ ತಗ್ಗಿತ್ತು. ನಾಲ್ಕು ವರ್ಷದ ಹಿಂದೆ ಗುಡ್ಡದ ತಿರುವಿನಲ್ಲಿ ಅವಳು ಹೀಗೇ ಹೇಳಿದ್ದಳು. ಕಂಡಕ್ಟರ್ ಒಳ್ಳೆಯವನು, "ಆಗತ್ತೆ ಬಿಡಿ ಸಾರ್, ಎಲ್ಲರಿಗೂ ಆಗತ್ತೆ," ಎಂದು ನಂಬದೆಯೇ ಸಮಾಧಾನ ಹೇಳಿ, ಹಿಂದಿನಿಂದ ತಳ್ಳಿ ಕಾರನ್ನು ಬದಿಗೆ ಸೇರಿಸಿ ಹೋದ. ನಂಬದೆ ಹೇಳುವ ಸಮಾಧಾನದಷ್ಟು ಬೈಗುಳವೂ ಚುಚ್ಚುವುದಿಲ್ಲ. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಕಾರು ಏನೂ ಗೊತ್ತಿಲ್ಲದವರ ಹಾಗೆ ಹೊರಟಿತ್ತು.

ಆ ತಿರುವಿನಲ್ಲಿ ಅವಳು ಓಡಿಸುತ್ತಿದ್ದಳು. ತಂಗಿಯ ಮನೆಗೆ ಹೊರಟಿದ್ದರು. ಅವಳಿಗೆ ಬೇರೆ ಕಾರಿನಲ್ಲಿ ಒಳ್ಳೆಯ ರೂಢಿಯಿತ್ತು. ಈ ಕಾರನ್ನು ಅವನು ಅಪರೂಪಕ್ಕೆ, ವರ ಕೊಡುವವರ ಹಾಗೆ, ಕೊಡುತ್ತಿದ್ದ. ಏರು ಮುಗಿದು ರಸ್ತೆ ಬಾಗುವಲ್ಲಿ ಕಾರು ನಿಂತಿತು. ಹಿಂದೆ ಲಾರಿ. ಅವಳು ಎರಡೂ ಕೈಯಲ್ಲಿ ಸ್ಟೀರಿಂಗನ್ನು ಜಗ್ಗಿ, ಇಳಿಜಾರಿನ ಕಡೆಗೇ ಉರುಳಲು ಬಿಟ್ಟು, ತಡೆಗೋಡೆಗೆ ಒಂದು ಗೇಣು ಉಳಿಸಿ ನಿಲ್ಲಿಸಿದಳು. ಈಗ ಯೋಚಿಸಿದರೆ, ಅಷ್ಟು ಚೆನ್ನಾಗಿ ತನಗೆ ಆಗುತ್ತಿತ್ತೋ ಇಲ್ಲವೋ. ಆಗ ಅವನು ಹೇಳಿದ್ದು, "ಕೀಲಿ ಮುಟ್ಟಿದೆಯಲ್ಲ!" ಅವಳು, "ನಾನು ಮುಟ್ಟಿಲ್ಲ." ಅವನು, "ಮತ್ತೆ ಗಾಡಿ ತಾನಾಗೇ ನಿಂತಿತಾ? ಸೀಟು ಅಷ್ಟು ಮುಂದೆ ಎಳ್ಕೊಂಡು ಕೂತ್ರೆ ಮೊಣಕಾಲು ತಾಗದೆ ಇನ್ನೇನು?" ಎಂದ. ಜಾಗ ಬದಲಿಸಿಕೊಂಡು ಕೂತರು. ಅವಳು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ಆ ರಾತ್ರಿಯ ಊಟದಲ್ಲೇ ಅವನು ಅದನ್ನು ಕಥೆಯಾಗಿ ಹೇಳಿದ. ಕಥೆ ಚೆನ್ನಾಗಿ ಬಂತು. "ನಮ್ಮನೆಯವಳ ಮೊಣಕಾಲಿಗೆ ಬೆರಳಿವೆ ಕಣಯ್ಯಾ," ಎಂದಾಗ ಷಡ್ಡಕ ಕೆಮ್ಮು ಬರುವಷ್ಟು ನಕ್ಕ. ಅವಳೂ ನಕ್ಕಳು. ಅಲ್ಲಿಂದ ಆ ಮಾತು ಮನೆತನದ ಆಸ್ತಿಯಾಯಿತು. ಕರೆಂಟು ಹೋದರೆ, ಟಿವಿ ಕೈಕೊಟ್ಟರೆ, ಕುಕ್ಕರು ಕೂಗದಿದ್ದರೆ, "ಅತ್ತಿಗೆ ಮೊಣಕಾಲು ತಾಗಿರ್ಬೇಕು ನೋಡಿ." ಪ್ರತಿಸಲ ಅವಳು ನಗುತ್ತಿದ್ದಳು. ಅವನಿಗೆ ಆ ನಗು ಸಾಕ್ಷಿಯಾಗಿ ಸಾಕಾಗಿತ್ತು. ಒಮ್ಮೆ, ಯಾಕೆಂದು ತಿಳಿಯದೆ, ಸೀಟನ್ನು ಅವಳ ಅಳತೆಗೆ ಮುಂದೆ ಎಳೆದು ಕೂತು ನೋಡಿದ್ದ. ಮೊಣಕಾಲು ಕೀಲಿಗೆ ತಾಗಿತು. ನೆಮ್ಮದಿಯಾಯಿತು. ತನ್ನ ಕಾಲು ಅವಳ ಕಾಲಿಗಿಂತ ಅರ್ಧ ಗೇಣು ಉದ್ದ ಎಂಬುದನ್ನು ಆ ನೆಮ್ಮದಿಯ ಲೆಕ್ಕಕ್ಕೆ ಸೇರಿಸಲಿಲ್ಲ.

"ಸ್ವಲ್ಪ ಬಲಕ್ಕೆ," ಎಂದ. ಬೆಳಕು ಬಲಕ್ಕೆ ಬಂತು. ಕೀಲಿ ತೂರಿಸುವ ಬೀಗದ ಹಿಂಭಾಗದಲ್ಲಿ, ಬೆಂಕಿಪೊಟ್ಟಣದಷ್ಟು ಬಿಳಿ ಪ್ಲಾಸ್ಟಿಕ್ಕಿನ ಸ್ವಿಚ್ಚು. ಅದರಿಂದ ಹೊರಟ ಐದು ತಂತಿ. ಹಿಡಿದಿಡಲು ಎರಡು ಸಣ್ಣ ಸ್ಕ್ರೂ. ಸಡಿಲವಾಗದಿರಲೆಂದು ಕಾರ್ಖಾನೆಯಲ್ಲೇ ಅವುಗಳ ತಲೆಗೆ ಬಳಿದ ಕೆಂಪು ಬಣ್ಣ ಇನ್ನೂ ಹಾಗೇ ಇತ್ತು. ಮೂವತ್ತು ವರ್ಷದಿಂದ ಯಾರೂ ಇದನ್ನು ಮುಟ್ಟಿಲ್ಲ.

ನಿನ್ನೆ ಬಿಡಿಭಾಗದ ಅಂಗಡಿಯ ಮುದುಕ ಲಕ್ಷಣ ಕೇಳಿದವನೇ, ಕಪಾಟು ಹುಡುಕುವ ಮೊದಲೇ ಹೇಳಿದ್ದ: "ಈ ಗಾಡಿಗೆ ಅದು ಹುಟ್ಟು ಕಾಯಿಲೆ ಸಾರ್. ಬೀಗ ಚೆನ್ನಾಗೇ ಇರತ್ತೆ, ಹಿಂದಿನ ಸ್ವಿಚ್ ಒಳಗೆ ಬಿರುಕು ಬಿಡತ್ತೆ. ಕಾಯ್ದಾಗ ಸಂಪರ್ಕ ತಪ್ಪತ್ತೆ, ತಣ್ಣಗಾದ್ರೆ ಕೂಡ್ಕೊಳ್ಳತ್ತೆ. ವರ್ಷಗಟ್ಲೆ ಸುಮ್ನಿದ್ದು ಒಂದಿನ ಕೈಕೊಡತ್ತೆ." ಆಮೇಲೆ ಕನ್ನಡಕದ ಮೇಲಿಂದ ನೋಡುತ್ತ, "ಇದಕ್ಕೂ ಮೊದ್ಲು ಯಾವಾಗ್ಲಾದ್ರೂ ನಿಂತಿತ್ತಾ?" ಎಂದು ಕೇಳಿದ. "ಇಲ್ಲ," ಎಂದ ಅವನು. ತಟ್ಟನೆ ಬಂದ ಆ ಇಲ್ಲ ಅವನನ್ನೇ ಬೆರಗುಗೊಳಿಸಿತು. ಯಾರೂ ಅವನ ಮೇಲೆ ಆರೋಪ ಹೊರಿಸಿರಲಿಲ್ಲ. ಮುದುಕನಿಗೆ ಅದರಿಂದ ಆಗಬೇಕಾದ್ದೂ ಏನಿರಲಿಲ್ಲ. ಬಹುಶಃ ಅದು ತನ್ನ ಉದ್ಯೋಗದ ಚಾಳಿ. ಅವನು ಲಿಫ್ಟುಗಳ ತಪಾಸಣಾಧಿಕಾರಿ. ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡವರು, ಮಹಡಿಗಳ ನಡುವೆ ಸಿಕ್ಕಿಬಿದ್ದವರು ದೂರು ಕೊಟ್ಟಾಗ ಹೋಗಿ ನೋಡಿ ಬರೆಯುವುದು ಅವನ ಕೆಲಸ. ಹೋದಾಗ ಲಿಫ್ಟು ಸರಿಯಾಗೇ ಓಡುತ್ತಿರುತ್ತದೆ. ಹತ್ತು ಸಲ ಮೇಲೆ ಕೆಳಗೆ ಓಡಿಸಿ, ಕೊನೆಯಲ್ಲಿ 'ಯಂತ್ರದಲ್ಲಿ ದೋಷ ಕಂಡುಬಂದಿಲ್ಲ. ಬಳಕೆದಾರರ ಅಜಾಗರೂಕತೆ' ಎಂದು ಬರೆಯುತ್ತಾನೆ. ಕಂಡುಬಂದಿಲ್ಲ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ನಡುವೆ ಎಷ್ಟು ಜನ ಸಿಕ್ಕಿಬಿದ್ದಿರಬಹುದು ಎಂದು ಅವನು ನಿನ್ನೆಯವರೆಗೆ ಯೋಚಿಸಿದವನಲ್ಲ.

ಮುದುಕನಿಗೆ ಹೇಳಿದ ಆ ಇಲ್ಲ ಸುಳ್ಳು, ಯಾಕೆಂದರೆ ತನ್ನ ಕೈಯಲ್ಲೇ ಒಮ್ಮೆ ನಿಂತಿತ್ತು. ನೆನಪಿರಲಿಲ್ಲ ಎಂದಲ್ಲ, ಆ ನೆನಪನ್ನು ಅವನು ಕರೆಯುತ್ತಿರಲಿಲ್ಲ, ಅದೂ ಮರ್ಯಾದಸ್ಥರ ಹಾಗೆ ಕರೆಯದೆ ಬರುತ್ತಿರಲಿಲ್ಲ. ಆ ತಿರುವಿಗೆ ಮೂರು ತಿಂಗಳ ಮೊದಲು, ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಿಂದ ಕಾರು ಹೊರಗೆ ತರುವಾಗ, ಏರಿನಲ್ಲಿ ಹೀಗೇ ಎಲ್ಲವೂ ಒಟ್ಟಿಗೆ ಆರಿಹೋಗಿತ್ತು. ಕಾರು ಹಿಂದಕ್ಕೆ ಜಾರಿ ಕಂಬಕ್ಕೆ ತಾಗಿತ್ತು. ಕ್ಲಚ್ಚು ಬೇಗ ಬಿಟ್ಟೆನೇನೋ ಎಂದುಕೊಂಡ. ಕಾವಲುಗಾರ ನೋಡುತ್ತಿದ್ದ. ಅವನತ್ತ ನೋಡದೆ ಕೀಲಿ ತಿರುಗಿಸಿ ಹೊರಟುಬಂದ. ಮನೆಯಲ್ಲಿ ಅವಳು ಹಿಂದಿನ ತಗ್ಗು ತೋರಿಸಿ ಏನಾಯ್ತೆಂದು ಕೇಳಿದಾಗ, "ಯಾರೋ ನಿಲ್ಲಿಸಿದ್ದಾಗ ಗುದ್ದಿ ಹೋಗಿದ್ದಾರೆ, ಜನಕ್ಕೆ ಓಡ್ಸೋಕೇ ಬರಲ್ಲ," ಎಂದಿದ್ದ. ಅವಳು ಆ ಯಾರೋ ಒಬ್ಬರನ್ನು ಅವನ ಪರವಾಗಿ ಚೆನ್ನಾಗಿ ಬೈದಿದ್ದಳು. ತಿರುವಿನಲ್ಲಿ ಕಾರು ನಿಂತ ಆ ಕ್ಷಣದಲ್ಲಿ ಅವನಿಗೆ ನೆಲಮಾಳಿಗೆ ನೆನಪಾಗಿತ್ತು. ಒಂದು ಕಣ್ಣರೆಪ್ಪೆ ಬಡಿಯುವಷ್ಟು ಹೊತ್ತು ಖಂಡಿತ ನೆನಪಾಗಿತ್ತು. ಅಷ್ಟರಲ್ಲಿ ಬಾಯಿ, ಕೀಲಿ ಮುಟ್ಟಿದೆಯಲ್ಲ ಎಂದುಬಿಟ್ಟಿತ್ತು. ಆಮೇಲೆ ಬಾಯಿ ಹೇಳಿದ್ದನ್ನು ಕಾಯುವುದೇ ಕೆಲಸವಾಯಿತು.

ಕೆಂಪು ಬಣ್ಣ ಚಕ್ಕೆಯಾಗಿ ಉದುರಿ ಕಣ್ಣಿಗೆ ಬಿತ್ತು. ಅವಳು ಸೆರಗಿನ ತುದಿಯಿಂದ ಅದನ್ನು ತೆಗೆದಳು. ಸ್ವಿಚ್ಚು ಕೈಗೆ ಬಂತು. ಅವನು ತೆವಳಿಕೊಂಡು ಹೊರಬಂದು, ಶೆಡ್ಡಿನ ಹೊಸ್ತಿಲಲ್ಲಿ ಕೂತು, ಚೂಪು ಚಾಕುವಿನಿಂದ ಅದರ ಹಿಂದಿನ ಮುಚ್ಚಳ ಎಬ್ಬಿಸಿದ. ಒಳಗೆ ಬಿಳಿ ಪ್ಲಾಸ್ಟಿಕ್ಕು ಹಳದಿಯಾಗಿ ಅಡ್ಡಡ್ಡ ಸೀಳಿತ್ತು. ಹಿತ್ತಾಳೆಯ ಪಟ್ಟಿಯ ಮೇಲೆ ಕಿಡಿ ಹಾರಿ ಹಾರಿ ಕಪ್ಪಾದ ಮಚ್ಚೆ. ಬೆರಳಲ್ಲಿ ಒತ್ತಿದರೆ ಪಟ್ಟಿ ಅಲ್ಲಾಡುತ್ತಿತ್ತು. ಒಂದೆರಡು ದಿನದ ಕಪ್ಪಲ್ಲ ಅದು. ಅವಳು ಬಂದು ಪಕ್ಕದಲ್ಲಿ ನಿಂತಳು. ಹೇಳಬೇಕಾದದ್ದನ್ನು ಬದಿಗಿಟ್ಟು, "ಇದೇ ನೋಡು ಕೆಟ್ಟಿದ್ದು," ಎಂದ. ಅವಳು ಸ್ವಿಚ್ಚನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಎತ್ತಿ, ಮೂಳೆಯಲ್ಲಿ ಬಿರುಕು ಹುಡುಕುವವಳ ಹಾಗೆ ಸ್ವಲ್ಪ ಹೊತ್ತು ನೋಡಿದಳು. "ಹೂಂ," ಎಂದು ವಾಪಸು ಕೊಟ್ಟಳು. ಅಷ್ಟೇ. ಅವಳು ಜಗಳ ತೆಗೆದಿದ್ದರೆ ಎಷ್ಟು ಸುಲಭವಾಗುತ್ತಿತ್ತು! "ಕಾಫಿ ಆರಿಹೋಯ್ತು, ಬಿಸಿ ಮಾಡ್ತೀನಿ," ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು.

ಹೊಸ ಸ್ವಿಚ್ಚು ಕೂರಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಬೀಗದ ನಾಲಿಗೆಯೂ ಸ್ವಿಚ್ಚಿನ ಸೀಳೂ ಒಂದೇ ನೇರಕ್ಕೆ ಬರಬೇಕು. ಒಂಚೂರು ಆಚೀಚೆಯಾದರೂ ಕೂರುವುದಿಲ್ಲ. ಎರಡು ಸಲ ತಪ್ಪಿತು. ಮೂರನೆಯ ಸಲ ಒಂದು ಸಣ್ಣ ಟಕ್ ಎಂಬ ಸದ್ದಿನೊಂದಿಗೆ ಕೂತಾಗ ಅವನಿಗೆ ನಿಜವಾಗಿ ಸಂತೋಷವಾಯಿತು. ಆ ಸಂತೋಷಕ್ಕೆ ನಾಚಿಕೆಯೂ ಆಯಿತು. ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಕೀಲಿಯನ್ನು ಅಲುಗಾಡಿಸಿದ, ಎಳೆದ, ಮೇಲೆ ಕೆಳಗೆ ಒತ್ತಿದ. ಎಂಜಿನ್ನು ನಿಲ್ಲಲಿಲ್ಲ. ಸರಿಹೋಯಿತು ಎಂದು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಇದ್ದವಳು ಒಬ್ಬಳೇ. ಅವಳಿಗೆ ಅದನ್ನಷ್ಟೇ ಹೇಳಿ ಸುಮ್ಮನಿರುವಂತಿರಲಿಲ್ಲ.

ಷಡ್ಡಕನ ದನಿ ಗೇಟಿನಿಂದಲೇ ಬಂತು. "ಏನ್ ಭಾವ, ಕಪ್ಪೆಗೆ ಆಪರೇಷನ್ನಾ? ಅತ್ತಿಗೆ ಮತ್ತೆ ಮೊಣಕಾಲು ಬಿಟ್ರಾ?" ಶೆಡ್ಡಿನಲ್ಲಿದ್ದವನ ಕೈಯಲ್ಲಿ ಇನ್ನೂ ಎಣ್ಣೆಮಸಿ. ಕೈ ತೊಳೆದಿರಲಿಲ್ಲ. ಅವನು ನಕ್ಕ! ಆ ನಗು ಮುಖದ ಮೇಲೆ ತಾನಾಗಿಯೇ ಬಂದು ಕೂತದ್ದನ್ನು ಅವನು ಯಾರದೋ ಕಾರಿನ ಕನ್ನಡಿಯಲ್ಲಿ ನೋಡಿದ ಹಾಗೆ ನೋಡಿದ. ಷಡ್ಡಕ ಕೆಟ್ಟವನಲ್ಲ, ಕಷ್ಟಕ್ಕೆ ಮೊದಲು ಬರುವವನು, ಆದರೆ ತಮಾಷೆ ಸಿಕ್ಕರೆ ನಾಯಿಗೆ ಎಲುಬು ಸಿಕ್ಕ ಹಾಗೆ. ಊಟಕ್ಕೆ ಕೂತಾಗಲೂ ಬಿಡಲಿಲ್ಲ. ಷಡ್ಡಕನ ಹೆಂಡತಿ, "ಸಾಕು ಸುಮ್ನಿರ್ರೀ, ಅಕ್ಕ ಪಾಪ," ಎಂದಳು. ಆ ಪಾಪ ಎಂಬ ಮಾತು ಮೇಜಿನ ಮೇಲೆ ಬಿದ್ದಾಗ, ಎದುರಿಗೆ ಸಾರು ಬಡಿಸುತ್ತಿದ್ದ ಹೆಂಡತಿಯ ಕೈ ಅಲ್ಲಾಡಿತೇನೋ ಎಂದು ಅವನಿಗೆ ಅನ್ನಿಸಿತು. ಬಹುಶಃ ಅಲ್ಲಾಡಿರಲಿಲ್ಲ.

"ಮೊಣಕಾಲು ಅಲ್ಲ," ಎಂದ. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಸ್ವಿಚ್ ಕೆಟ್ಟಿತ್ತು. ಅವತ್ತೂ ಅದೇ ಕೆಟ್ಟಿದ್ದು. ಇವಳು ಕೀಲಿ ಮುಟ್ಟಿರ್ಲಿಲ್ಲ. ಅದಕ್ಕೂ ಮೊದ್ಲು ನನಗೇ ಒಂದ್ಸಲ ನಿಂತಿತ್ತು. ನಾನೇ ಕಂಬಕ್ಕೆ ಗುದ್ದಿದ್ದು, ಯಾರೂ ಗುದ್ದಿರ್ಲಿಲ್ಲ. ಗೊತ್ತಿದ್ದೂ ಹೇಳ್ಲಿಲ್ಲ." ಷಡ್ಡಕ ಹೊಟ್ಟೆ ಕುಲುಕಿಸಿ ನಕ್ಕ. "ಭಲೇ ಭಾವ! ಏನ್ ಬೇಕಾಗಿದೆ ಅತ್ತಿಗೆಯಿಂದ? ಇಷ್ಟು ಬೆಣ್ಣೆ ಹಚ್ಚೋದು ನಾನು ನೋಡೇ ಇಲ್ಲಪ್ಪ." ತಂಗಿಯೂ ನಕ್ಕಳು. ನಾಲ್ಕು ವರ್ಷ ಅವನು ಹೇಳಿದ ಸುಳ್ಳನ್ನು ಕಣ್ಣುಮುಚ್ಚಿ ನಂಬಿದವರು, ನಿಜ ಹೇಳಿದ ದಿನ ಅದನ್ನು ತಮಾಷೆ ಅನ್ನುತ್ತಿದ್ದರು. ಅವನಿಗೆ ಮೈಯೆಲ್ಲ ಉರಿದಂತಾಯಿತು. "ನಿಜ ಹೇಳ್ತಿದೀನಿ ಕಣಯ್ಯಾ," ಎಂದ; ಹಾಗೆ ಹೇಳಿದ ಮೇಲೆ ಅದು ಇನ್ನೂ ಸುಳ್ಳಾಗಿ ಕೇಳಿಸಿತು.

"ನನಗೂ ಆಮೇಲೆ ಎರಡು ಸಲ ನಿಂತಿತ್ತು," ಎಂದಳು ಹೆಂಡತಿ. ಅನ್ನದ ಪಾತ್ರೆಯನ್ನು ತಂಗಿಯ ಕಡೆಗೆ ಸರಿಸುತ್ತ, ಮನೆಗೆ ಹಾಲು ಬಂದದ್ದನ್ನು ಹೇಳುವ ದನಿಯಲ್ಲಿ.

"ಆಮೇಲೆ ಅಂದ್ರೆ? ನೀವು ಓಡ್ಸೋದೇ ಬಿಟ್ಟಿದ್ರಲ್ಲ ಅತ್ತಿಗೆ?"

"ಬಿಟ್ಟೆ ಅಂತ ನಾನು ಯಾರಿಗೂ ಹೇಳಿರ್ಲಿಲ್ಲಪ್ಪ," ಎಂದಳು. "ಇನ್ನೊಂದು ಚೂರು ಹಾಕ್ಕೊಳ್ಳಿ."

ಷಡ್ಡಕನ ನಗು ಎಲ್ಲಿ ಇಳಿಯಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಅವನ ಮುಖದ ಮೇಲೇ ಉಳಿದು, ಆಮೇಲೆ ಇಲ್ಲವಾಯಿತು. ಉಳಿದ ಊಟ ಅವರ ಮಗಳ ಕಾಲೇಜಿನ ಮಾತಿನಲ್ಲಿ ಮುಗಿಯಿತು. ಹೊರಡುವಾಗ ಷಡ್ಡಕ ಗೇಟಿನ ಬಳಿ ನಿಂತು, ಅವನನ್ನಲ್ಲ, ಅವಳನ್ನು ನೋಡಿ, "ಅತ್ತಿಗೆ, ನಾನು ಏನೋ ತಮಾಷೆಗೆ..." ಎಂದು ನಿಲ್ಲಿಸಿದ. "ಗೊತ್ತು ಬಿಡಿ," ಎಂದಳು ಅವಳು.

ಅಡುಗೆಮನೆಯಲ್ಲಿ ಅವಳು ತಟ್ಟೆ ತೊಳೆದು ಕೊಡುತ್ತಿದ್ದಳು, ಅವನು ಒರೆಸುತ್ತಿದ್ದ. ಕಿಟಕಿಯ ಆಚೆ ಪಕ್ಕದ ಮನೆಯವರ ಒಣಗಿದ ಬಟ್ಟೆಗಳು. ಇನ್ನೊಂದು ತಟ್ಟೆ ಕೈಗೆ ತೆಗೆದುಕೊಳ್ಳುತ್ತ, "ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದ.

"ಎಲ್ಲಿಗೂ ಇಲ್ಲ. ಆ ತಿರುವಿಗೇ. ನೀವು ಆಫೀಸಿಗೆ ಬಸ್ಸಲ್ಲಿ ಹೋದ ದಿನ, ನನಗೆ ರಜೆ ಇತ್ತು. ನಿಜವಾಗ್ಲೂ ನನ್ನ ಕಾಲು ತಾಗಿತ್ತಾ ಅಂತ ನೋಡ್ಬೇಕಿತ್ತು. ಹೋಗ್ತಾ ಸರಿಯಾಗೇ ಹೋಯ್ತು. ಬರ್ತಾ ನಿಂತಿತು. ಇನ್ನೊಂದ್ಸಲ ಹೋದೆ, ಮತ್ತೆ ನಿಂತಿತು. ಎರಡೂ ಕಾಲು ಸೀಟಿಗೆ ಒತ್ತಿ ಮಡಚ್ಕೊಂಡು ಕೂತಿದ್ದೆ, ಇಳಿಜಾರಲ್ಲಿ. ಹುಚ್ಚಲ್ವಾ?"

"ಹೇಳ್ಬೇಕಿತ್ತು ನೀನು."

"ಹೇಳಿದ್ರೆ ರಿಪೇರಿ ಮಾಡಿಸ್ತಿದ್ರಿ," ಎಂದಳು. "ಆದ್ರೆ ನಂಬ್ತಿರ್ಲಿಲ್ಲ." ನಲ್ಲಿ ನಿಲ್ಲಿಸಿದಳು. "ಅದು ನೆಪ ರೀ. ನಿಜ ಹೇಳ್ಬೇಕಂದ್ರೆ ನಾನು ಕಾದೆ. ಒಂದಿನ ನಿಮಗೂ ನಿಲ್ಲಲಿ ಅಂತ ಕಾದೆ. ನಾಲ್ಕು ವರ್ಷ. ನೀವು ದಿನಾ ಅದೇ ಕಾರಲ್ಲಿ ಹೋಗ್ತಿದ್ರಿ, ಬರೋದು ಹತ್ತು ನಿಮಿಷ ತಡ ಆದ್ರೆ ಬಾಗಿಲಿಗೆ ಬಂದು ನಿಲ್ತಿದ್ದೆ. ಬಂದ್ಮೇಲೆ ಮತ್ತೆ ಸುಮ್ನಾಗ್ತಿದ್ದೆ. ಎಂಥ ಹೆಂಗಸು ನಾನು ಅಂತ, ಬೆಳಗ್ಗೆ ಟಾರ್ಚು ಹಿಡ್ಕೊಂಡಿದ್ದಾಗೆಲ್ಲ ಅದೇ ಯೋಚನೆ."

ಅವನ ಕೈಯಲ್ಲಿದ್ದ ತಟ್ಟೆ ಒಣಗಿ ಬಹಳ ಹೊತ್ತಾಗಿತ್ತು, ಇನ್ನೂ ಒರೆಸುತ್ತಿದ್ದ. ಬಾಗಿಲಲ್ಲಿ ಅವಳು ನಿಂತಿರುತ್ತಿದ್ದುದನ್ನು ಅವನು ನೋಡುತ್ತಿದ್ದ. ತನ್ನನ್ನು ಕಾಯುತ್ತಿದ್ದಾಳೆಂದು ಖುಷಿಪಡುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ. ಕೋಪ ಬರಬೇಕಿತ್ತೇನೋ, ಹುಡುಕಿದ, ಇರಲಿಲ್ಲ. ಇದ್ದದ್ದು ಒಂದು ಬಗೆಯ ಸುಸ್ತು, ಭಾರದ ಸಾಮಾನನ್ನು ಇಬ್ಬರೂ ಬೇರೆ ಬೇರೆ ಮೆಟ್ಟಿಲಲ್ಲಿ ಹೊತ್ತು ಒಂದೇ ಮಹಡಿಗೆ ತಂದಿಟ್ಟ ಹಾಗೆ.

"ಇನ್ಮೇಲೆ ನೀನೇ ಓಡ್ಸು," ಎಂದ.

"ಅಯ್ಯೋ ಬೇಡ ಮಾರಾಯ್ರೆ. ನನಗೆ ಆ ಕಾರು ಮೊದ್ಲಿಂದಲೂ ಇಷ್ಟ ಇಲ್ಲ. ಕೂತ್ರೆ ಲಾರಿ ಚಕ್ರ ಬಿಟ್ಟು ಇನ್ನೇನೂ ಕಾಣಲ್ಲ." ಅವಳು ಕೈ ಒರೆಸಿಕೊಂಡು ಮೇಜಿನ ಬಳಿ ಕೂತಳು. "ಓಡ್ಸೋಕೆ ಬರಲ್ಲ ಅನ್ನಿಸ್ಕೊಳ್ಳೋದು ಇಷ್ಟ ಇರ್ಲಿಲ್ಲ, ಅಷ್ಟೇ." ಸ್ವಲ್ಪ ಬಿಟ್ಟು ಕೇಳಿದಳು: "ನಿಮಗೆ ಬುಧವಾರ ಎಲ್ಲಿ ನಿಂತಿತು?"

ಅವನು ಎದುರಿಗೆ ಕೂತು ಹೇಳಿದ. ಸೇತುವೆ, ಬಸ್ಸು, ಕಂಡಕ್ಟರ್, ತಾನು ಅವನಿಗೆ ಹೇಳಿದ ಎರಡು ಪದ, ಅವನು ನಂಬದಿದ್ದದ್ದು, ಕಾರು ಬದಿಗೆ ಸೇರಿದ ಮೇಲೂ ಹತ್ತು ನಿಮಿಷ ಕೀಲಿ ಮುಟ್ಟದೆ ಕೂತದ್ದು. ಕಥೆಯನ್ನು ಚೆಂದ ಮಾಡಲು ಹೋಗಲಿಲ್ಲ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

"ಹೆದರಿಕೆ ಆಯ್ತಾ?"

"ಆಯ್ತು. ತುಂಬ." ಆ ಪ್ರಶ್ನೆ ಇಷ್ಟು ಸಣ್ಣದೆಂದು ಅವನಿಗೆ ಗೊತ್ತಿರಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡು, "ನಿನಗೆ?" ಎಂದ. "ಅವತ್ತು, ನಿನಗೆ?"

ಅವಳು ಎಲ್ಲಿಂದ ಶುರು ಮಾಡುವುದೆಂದು ಹುಡುಕುವವಳ ಹಾಗೆ ಕಿಟಕಿಯ ಕಡೆ ನೋಡಿದಳು. "ಮೊದ್ಲು ಸದ್ದು ನಿಂತಿತು," ಎಂದಳು. "ಎಷ್ಟು ನಿಶ್ಶಬ್ದ ಅಂದ್ರೆ, ಹಿಂದಿನ ಲಾರಿ ಉಸಿರಾಡೋದು ಕೇಳಿಸ್ತಿತ್ತು. ಆಗ ನಾನು ನಿಮ್ಮ ಮುಖ ನೋಡಿದೆ. ನೀವು ಕೀಲಿ ನೋಡ್ತಿದ್ರಿ."

ಅವಳು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ಮುಂದಿನದನ್ನು ಹೇಳತೊಡಗಿದಳು.